ಹನ್ನೆರಡು ಹಾಡಿನ ಚಾಲೆಂಜ್

ಕಾಲು ನಿಲ್ಲಿಸಬೇಡ ಎಂದು ಕಲೈವಾಣಿ ಹೇಳಿ ಮುಗಿಸುವುದರೊಳಗೆ ಮಾರಿಯಪ್ಪನ ಕಾಲು ನಿಂತೇ ಬಿಟ್ಟಿತ್ತು. ಜಗುಲಿಯ ಅಂಚಿನಲ್ಲಿ ಕೂತು, ಕೆಳಗಿನ ಮೆಟ್ಟಿಲ ಮೇಲೆ ಮಗಳು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದ ನಾಲ್ಕು ಚೌಕಗಳನ್ನು ಅವನು ತುಳಿಯುತ್ತಿದ್ದ. ನೂಲು ಸುತ್ತುವ ರಾಟೆಗೆ ಒರಗಿಸಿಟ್ಟ ಫೋನಿನಲ್ಲಿ ಹಾಡಿನ ತಾಳಕ್ಕೆ ಸರಿಯಾಗಿ ಬಣ್ಣಬಣ್ಣದ ಬಾಣಗಳು ಮೇಲಿನಿಂದ ಇಳಿಯುತ್ತಿದ್ದವು. ನೀಲಿ ಬಾಣ ಬಂದಾಗ ಹಳದಿ ಚೌಕ ತುಳಿದದ್ದೇ ತಡ, ಮಾರಿಯಪ್ಪ ಎರಡು ಕಾಲನ್ನೂ ಎತ್ತಿ ಹಿಡಿದು, ಕತ್ತು ಚಾಚಿ, ತಪ್ಪು ಎಲ್ಲಿ ಬಿತ್ತು ಎಂದು ಫೋನಿನೊಳಗೆ ಹುಡುಕತೊಡಗಿದ.

“ಅಪ್ಪಾ, ಏನ್ ಉಡುಕ್ತೀಯ? ಅದು ಓಯ್ತು. ಬಿಟ್ಟು ಮುಂದುಕ್ಕೆ ತುಳಿ.”

“ತಪ್ಪಾಗೈತಲ್ಲ, ನನ್ ಕಣ್ಣು.”

“ಆಗ್ಲಿ. ಇದ್ರಾಗೆ ತಪ್ಪು ಮಾಡ್ಬೋದು. ನಿಂತ್ಕೊಳಂಗಿಲ್ಲ.”

ಮೂವತ್ತಾರು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಇದು ತಲೆಕೆಳಗಾದ ಶಾಸ್ತ್ರವಾಗಿ ಕಂಡಿತು. ಉದ್ದಕ್ಕೆ ಬಿಗಿದ ಹಾಸಿನ ನಾಲ್ಕು ಸಾವಿರ ಎಳೆಗಳಲ್ಲಿ ಒಂದೇ ಒಂದು ಕಡಿದರೂ ಕಾಲು ತಾನಾಗಿ ನಿಲ್ಲಬೇಕು, ಲಾಳಿ ನಿಲ್ಲಬೇಕು, ಎರಡು ಬೆರಳು ಹೋಗಿ ಕಡಿದ ತುದಿಯನ್ನು ಹಿಡಿದು ಗಂಟು ಹಾಕಬೇಕು. ಅವನ ಅಪ್ಪ ಅವನಿಗೆ ನೇಯುವುದಕ್ಕಿಂತ ಮೊದಲು ಕಲಿಸಿದ್ದು ನಿಲ್ಲುವುದನ್ನು. ಹದಿನಾಲ್ಕನೆಯ ವಯಸ್ಸಿನಲ್ಲಿ ಬೆರಳ ಗೆಣ್ಣಿಗೆ ಬಿದ್ದ ಏಟಿನ ಜೊತೆ ಒಳಗೆ ಹೋದ ಆ ಪಾಠ ಇವತ್ತಿನವರೆಗೂ ಹೊರಗೆ ಬಂದಿರಲಿಲ್ಲ.

ಕಲೈವಾಣಿ ಸೇಲಂನಲ್ಲಿ ಜವಳಿ ವಿನ್ಯಾಸದ ಡಿಪ್ಲೊಮಾ ಮಾಡುತ್ತಿದ್ದಳು. ಕೊನೆಯ ವರ್ಷ ಪ್ರತಿಯೊಬ್ಬರೂ ಸ್ವಂತದ ಹನ್ನೆರಡು ಸೀರೆಯಂಚು ಬರೆದು ಒಪ್ಪಿಸಬೇಕಿತ್ತು. ಉಳಿದವರೆಲ್ಲ ಪೆನ್ನಿನಲ್ಲಿ ಬರೆಯುವ ಟ್ಯಾಬ್ ಮೇಲೆ ಬರೆದು, ಬೇಡವಾದರೆ ಬೆರಳಲ್ಲಿ ಒರೆಸಿ, ಬಣ್ಣ ಬದಲಿಸಿ ನೋಡುತ್ತಿದ್ದರು. ಇವಳದು ಚೌಕದ ಹಾಳೆ, ಸ್ಕೆಚ್ ಪೆನ್ನು. ಒಂದು ನವಿಲಿನ ಕತ್ತು ಅರ್ಧ ಅಂಗುಲ ಓರೆಯಾದರೆ ಇಡೀ ಹಾಳೆ ಹೊಸದು. ಟ್ಯಾಬ್ ಕೊಳ್ಳುವ ಮಾತು ಮನೆಯಲ್ಲಿ ಎರಡು ಸಲ ಎದ್ದು, ಎರಡು ಸಲವೂ ಕೂತಿತ್ತು. ಮೂರನೆಯ ಸಲ ಅದನ್ನು ಎಬ್ಬಿಸುವ ಮನಸ್ಸು ಅವಳಿಗೇ ಬರಲಿಲ್ಲ.

ಅಷ್ಟರಲ್ಲಿ ಸೇಲಂನ ಐದು ರೋಡ್ ಸರ್ಕಲ್ ಹತ್ತಿರದ ಗೇಮ್ ಹಾಲ್ ಒಂದರಲ್ಲಿ ಚಾಲೆಂಜ್ ಇಟ್ಟರು. ಇಬ್ಬರು ಒಂದೇ ಬೆಂಚಿನಲ್ಲಿ ಕೂತು ಆಡುವ ತಾಳದ ಯಂತ್ರ. ಒಬ್ಬರಿಗೆ ಕೈಯ ಗುಂಡಿಗಳು, ಇನ್ನೊಬ್ಬರಿಗೆ ಕಾಲ ಕೆಳಗೆ ನಾಲ್ಕು ಹಲಗೆ. ಒಂದರ ಹಿಂದೊಂದು ಹನ್ನೆರಡು ಹಾಡು, ನಡುವೆ ಬಿಡುವಿಲ್ಲ. ಆರು ಮುಗಿಸಿದರೆ ಟೀ ಶರ್ಟ್, ಒಂಬತ್ತಕ್ಕೆ ಇಯರ್‌ಫೋನ್, ಹನ್ನೆರಡಕ್ಕೆ ಪೆನ್ನಿರುವ ಟ್ಯಾಬ್. ಒಂದು ಜೋಡಿಗೆ ಒಂದೇ ಅವಕಾಶ. ಕೈಯಾಟದಲ್ಲಿ ಕಲೈವಾಣಿ, ಕಾಲಾಟದಲ್ಲಿ ಅವಳ ಗೆಳತಿ ತಮಿಳ್‌ಸೆಲ್ವಿ, ಇಬ್ಬರೂ ತಿಂಗಳಿಂದ ತಯಾರಾಗಿದ್ದರು. ಇನ್ನು ಹತ್ತು ದಿನ ಇದೆ ಎನ್ನುವಾಗ ಸೆಲ್ವಿ ಹರೂರಿನಲ್ಲಿ ಅಕ್ಕನ ಮದುವೆಗೆ ಮಾವಿನೆಲೆ ಕಟ್ಟಲು ಏಣಿ ಹತ್ತಿದಳು, ಏಣಿ ಇಳಿಯುವ ಮೊದಲೇ ನೆಲಕ್ಕೆ ಇಳಿದಳು. ಕಾಲಿಗೆ ಮೂರು ವಾರ ಪಟ್ಟಿ.

ಆ ಸಂಜೆ ಮಂಕಾಗಿ ಕೂತಿದ್ದ ಕಲೈವಾಣಿಯ ಕಣ್ಣು ಮಗ್ಗದ ಗುಂಡಿಯೊಳಗೆ ಹೋಯಿತು. ಅಲ್ಲಿ ಅಪ್ಪನ ಎರಡು ಪಾದ ಎಡಬಲ ಎಡಬಲ ಆಡುತ್ತಿದ್ದವು. ಅಪ್ಪ ಮಾತ್ರ ಮೇಲುಗಡೆ ಅಮ್ಮ ಪುಷ್ಪಾಳೊಂದಿಗೆ ಹಾಲಿನವಳ ಜಗಳದ ಕಥೆ ಹೇಳುತ್ತಿದ್ದ. ಕಾಲಿಗೂ ತಲೆಗೂ ಸಂಬಂಧವೇ ಇಲ್ಲದಂತಿತ್ತು.

ಮಾರಿಯಪ್ಪ ಒಪ್ಪಿಕೊಂಡದ್ದು ಅರ್ಧ ಮಗಳಿಗಾಗಿ, ಅರ್ಧ ಆ ಯಂತ್ರದ ಹೆಂಗಸಿಗಾಗಿ. ಅದೇ ಆಟ ಫೋನಿನಲ್ಲೂ ಇತ್ತು, ಅದರೊಳಗೆ ಒಬ್ಬಳು ಮೂಗಿನಲ್ಲಿ ಮಾತಾಡುತ್ತಿದ್ದಳು. ಸರಿಯಾಗಿ ತುಳಿದರೆ “ಅಮೇಝಿಂಗ್” ಎನ್ನುವಳು, ತಪ್ಪಿದರೆ ಹತ್ತಿರದ ಸಂಬಂಧಿಕರು ತೀರಿಕೊಂಡ ದನಿಯಲ್ಲಿ “ಮಿಸ್” ಎನ್ನುವಳು. ಯಾರ ದನಿಯನ್ನೂ ಬಿಡದೆ ಅಣಕಿಸುವ ಚಾಳಿ ಅವನಿಗೆ ಮೊದಲಿನಿಂದಲೂ ಇತ್ತು. ಓಮಲೂರು ಬಸ್ಸಿನ ಕಂಡಕ್ಟರು ತನ್ನ ಕೂಗನ್ನು ತಾನೇ ಕೇಳಬೇಕೆಂದರೆ ಇವನ ಹತ್ತಿರ ಬರುತ್ತಿದ್ದ. ಎರಡೇ ದಿನದಲ್ಲಿ ಮಾರಿಯಪ್ಪ ಮೂಗು ಹಿಂಡಿ ಎಲ್ಲದಕ್ಕೂ ಅಮೇಝಿಂಗ್ ಅನ್ನತೊಡಗಿದ. ಕೋಳಿ ಮೊಟ್ಟೆಯಿಟ್ಟರೆ ಅಮೇಝಿಂಗ್, ಕರೆಂಟು ಬಂದರೆ ಅಮೇಝಿಂಗ್, ಹೋದರೆ ಮಿಸ್.

“ಇಪ್ಪತ್ಮೂರು ವರ್ಷದಾಗೆ ನಂಗೊಂದ್ ದಪ ಅಂದಿಲ್ಲ, ಈಗ ರಸಕ್ಕೆ ಅಂತೀರ,” ಎಂದು ಪುಷ್ಪಾ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಒಳಗೆ ಹೋದಳು.

ಆದರೆ ಕಾಲು ಮಾತ್ರ ತಪ್ಪು ಬಿದ್ದಲ್ಲೆಲ್ಲ ನಿಲ್ಲುತ್ತಿತ್ತು. ಪರದೆಯ ಮೇಲ್ಗಡೆ ಒಂದು ಹಸಿರು ಪಟ್ಟಿ ಇರುತ್ತದೆ, ಒಂದು ತಪ್ಪಿಗೆ ಚೂರು ಕರಗಿ ನಾಲ್ಕು ಸರಿಗೆ ಮತ್ತೆ ತುಂಬಿಕೊಳ್ಳುತ್ತದೆ, ಕಾಲೋ ಕೈಯೋ ನಾಲ್ಕು ಎಣಿಸುವಷ್ಟು ಹೊತ್ತು ಸುಮ್ಮನಾದರೆ ಮಾತ್ರ ಇಡೀ ಪಟ್ಟಿ ಒಂದೇ ಸಲಕ್ಕೆ ಖಾಲಿ ಎಂದು ಕಲೈವಾಣಿ ದಿನಕ್ಕೆ ಹತ್ತು ಸಲ ಹೇಳಿದಳು. ಕೊನೆಗೆ ಕಣ್ಣು ಮುಚ್ಚಿಕೋ, ನಾನು ಬಣ್ಣ ಕೂಗುತ್ತೇನೆ ಎಂದಳು. ತಪ್ಪು ಕಾಣದಿದ್ದರೆ ಕಾಲಿಗೆ ನಿಲ್ಲಲು ಕಾರಣವಿಲ್ಲ. ಆರನೆಯ ದಿನ ಮಾರಿಯಪ್ಪ ಮೊದಲ ಬಾರಿಗೆ ಮೂರು ತಪ್ಪು ಮಾಡಿಯೂ ಹಾಡಿನ ಕೊನೆಯವರೆಗೆ ತುಳಿದ. ಏಳನೆಯ ದಿನ ಕಣ್ಣು ತೆರೆದುಕೊಂಡೇ ತುಳಿದ. ಕಲೈವಾಣಿ ಫೋನು ಬಿಟ್ಟು ಅಪ್ಪನ ಬೆನ್ನಿಗೆ ಗುದ್ದಿದಳು.

ಎಂಟನೆಯ ದಿನ ಮಧ್ಯಾಹ್ನ ಪುಷ್ಪಾ, ಗಂಡ ನೇಯ್ದ ಸೀರೆಯ ಮೇಲೆ ಅಂಗೈ ಆಡಿಸುತ್ತಿದ್ದಳು. ದಿನವೂ ಆಡಿಸುವುದೇ. ಆಡಿಸುತ್ತಿದ್ದ ಕೈ ಒಂದು ಕಡೆ ನಿಂತಿತು. ಅವಳು ಬಗ್ಗಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದಳು. ಕೆಂಪು ಒಡಲಿನ ನಡುವೆ ಒಂದು ಕೂದಲೆಳೆಯಷ್ಟು ಬೆಳಕು, ಒಂದು ಗೇಣು ಉದ್ದಕ್ಕೆ, ನೆಟ್ಟಗೆ ಹೋಗಿತ್ತು. ಹಾಸಿನ ಎಳೆಯೊಂದು ಕಡಿದಿತ್ತು. ಕಡಿದ ಮೇಲೂ ಅವನು ನೇಯುತ್ತ ಹೋಗಿದ್ದ.

ಅವಳು ಕೂಗಾಡಲಿಲ್ಲ. ಗಂಡನನ್ನು ಕರೆದು ಅವನ ತೋರುಬೆರಳನ್ನು ಹಿಡಿದು ಆ ಗೆರೆಯ ಮೇಲೆ ಇಟ್ಟಳು. ಮಾರಿಯಪ್ಪನಿಗೆ ಆ ಹೊತ್ತಿನಲ್ಲಿ ತಾನು ಏನು ಯೋಚಿಸುತ್ತಿದ್ದೆ ಎಂದು ನೆನಪಾಗಲಿಲ್ಲ. ತಲೆಯೊಳಗೆ ಫೋನಿನ ಹಾಡು ಓಡುತ್ತಿದ್ದದ್ದು ಮಾತ್ರ ನೆನಪಿತ್ತು.

“ಕಾಲು ಕೆಟ್ಟೋಯ್ತಾ ಐತೆ,” ಎಂದಳು ಪುಷ್ಪಾ. “ಮಗಳ್ಗೆ ಬೇಕು, ಸರಿ. ಆದ್ರೆ ಈ ಕಾಲು ಕೆಟ್ಟೋದ್ರೆ ಮತ್ತೆ ಎಲ್ಲಿಂದ ತತ್ತೀರ?”

ಆ ಗೇಣುದ್ದವನ್ನು ಬಿಚ್ಚಲು ಎರಡು ಮಧ್ಯಾಹ್ನ ಹಿಡಿಯಿತು. ಅಡ್ಡ ಹೊಕ್ಕಿನ ನೂಲನ್ನು ಒಂದೊಂದೇ ಸುತ್ತು ಕೀಳಬೇಕು, ಹಾಸಿನ ಎಳೆಗೆ ಗಾಯವಾಗಬಾರದು. ಕಲೈವಾಣಿ ಕಾಲೇಜಿನಿಂದ ಬಂದವಳೇ ಅಮ್ಮನ ಎದುರು ಕೂತು, ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೋದಳು. ಯಾರೂ ಮೂಗಿನಲ್ಲಿ ಮಾತಾಡಲಿಲ್ಲ. ಎರಡನೆಯ ದಿನ ಕತ್ತಲಾಗುವ ಮುಂಚೆ ಅವಳು, ಭಾನುವಾರದ ಚಾಲೆಂಜ್ ಬೇಡ ಬಿಡಪ್ಪ, ಹಾಳೆಯ ಮೇಲೇ ಬರೆದುಕೊಳ್ಳುತ್ತೇನೆ ಎಂದಳು. ಮಾರಿಯಪ್ಪ ಕಡಿದಿದ್ದ ಎಳೆಗೆ ಹೊಸ ತುಂಡು ಸೇರಿಸಿ ಗಂಟು ಬಿಗಿದು, ಉಳಿದ ತುದಿಯನ್ನು ಹಲ್ಲಿನಿಂದ ಕಡಿದು ಉಗಿದ. ಅಂಗಿ ಇಸ್ತ್ರಿ ಮಾಡಿಸು ಎಂದಷ್ಟೇ ಹೇಳಿದ.

ಭಾನುವಾರ ಗೇಮ್ ಹಾಲ್‌ನಲ್ಲಿ ಕಾಲೇಜು ಹುಡುಗರೇ ತುಂಬಿದ್ದರು. ಯಂತ್ರ ನೋಡಿಕೊಳ್ಳುವ ಮುರುಗೇಶ್, ಮಾರಿಯಪ್ಪನ ಪಂಚೆಯನ್ನೂ ಕಾಲ ಹಲಗೆಗಳನ್ನೂ ಒಮ್ಮೆ ನೋಡಿ, “ನಿಜಮಾವಾ?” ನಿಜವಾಗಿಯೂ ಇವರೇ ಆಡುವುದೇ ಎಂದು ತಮಿಳಿನಲ್ಲಿ ಕಲೈವಾಣಿಯನ್ನು ಕೇಳಿದ. ಮಾರಿಯಪ್ಪ ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕೂತ. ಕೂತ ಎತ್ತರ, ಕಾಲು ಇಳಿಯುವ ಆಳ, ಹಲಗೆ ಪಾದಕ್ಕೆ ತಾಗುವ ಬಗೆ ಎಲ್ಲ ಅವನಿಗೆ ಒಗ್ಗಿತು. ಮೊದಲ ಹಾಡು ಮುಗಿಯುವಷ್ಟರಲ್ಲಿ ಅವನು ಬೆಂಚಿನ ಮೇಲಿದ್ದೇನೆ ಎನ್ನುವುದನ್ನೇ ಮರೆತ.

ಆರು ಹಾಡಾಯಿತು. ಹಿಂದೆ ನಿಂತವರು ಸದ್ದು ಕಡಿಮೆ ಮಾಡಿದರು. ಒಂಬತ್ತಾಯಿತು. ಹಸಿರು ಪಟ್ಟಿ ಅರ್ಧಕ್ಕಿಂತ ಕೆಳಗೆ ಇಳಿದಿರಲಿಲ್ಲ. ಮಾರಿಯಪ್ಪ ಎಡವಿದ, ಮುಂದೆ ತುಳಿದ; ಮತ್ತೆ ಎಡವಿದ, ಮುಂದೆ ತುಳಿದ. ಹತ್ತನೆಯ ಹಾಡಿನ ಕೊನೆಗೆ ಕಲೈವಾಣಿ, ಇನ್ನೆರಡಪ್ಪಾ ಎಂದಳು. ಗಾಜಿನ ಕಪಾಟಿನಲ್ಲಿ ಟ್ಯಾಬಿನ ಡಬ್ಬ ಇತ್ತು. ಅವಳು ಅತ್ತ ನೋಡಲೇ ಇಲ್ಲ. ನೋಡದೆ ಇರುವುದಕ್ಕೆ ಅವಳು ಪಡುತ್ತಿದ್ದ ಪಾಡು ಅವನಿಗೆ ಪಕ್ಕದಿಂದ ಗೊತ್ತಾಗುತ್ತಿತ್ತು.

ಹನ್ನೊಂದನೆಯ ಹಾಡಿನಲ್ಲಿ ಬಾಣಗಳ ಜೊತೆ ಉದ್ದನೆಯ ಗೆರೆಗಳೂ ಬಂದವು. ಗೆರೆ ಮುಗಿಯುವವರೆಗೆ ಗುಂಡಿಯನ್ನು ಒತ್ತಿಯೇ ಹಿಡಿಯಬೇಕು. ಒಂದು ಕೆಂಪು ಗೆರೆ ನಡುವಿನಲ್ಲಿರುವಾಗ ಕಲೈವಾಣಿಯ ಬೆವೆತ ಬೆರಳು ಜಾರಿತು. ಪರದೆಯ ಮೇಲೆ ಗೆರೆ ಪಟ್ಟೆಂದು ಎರಡಾಗಿ, ತುದಿಗಳು ಸುರುಳಿಕೊಂಡವು.

ಮಾರಿಯಪ್ಪನ ಕಾಲು ನಿಂತಿತು.

ನಿಂತದ್ದಷ್ಟೇ ಅಲ್ಲ, ಅವನ ಬಲಗೈ ಎದ್ದು, ಹೆಬ್ಬೆರಳು ತೋರುಬೆರಳು ಕೂಡಿಸಿಕೊಂಡು ಪರದೆಯವರೆಗೂ ಹೋಗಿತ್ತು. ಬೆರಳಿಗೆ ಗಾಜು ತಣ್ಣಗೆ ತಾಗಿದಾಗ ಅವನಿಗೆ ಎಚ್ಚರವಾಯಿತು. ತಾನು ಎಲ್ಲಿದ್ದೇನೆಂದು ತಿಳಿದು ಕಾಲನ್ನು ಹುಡುಕಿ ಕೆಳಗಿಳಿಸುವಷ್ಟರಲ್ಲಿ ಪಟ್ಟಿ ಖಾಲಿಯಾಗಿ ಪರದೆ ಬೂದು ಬಣ್ಣಕ್ಕೆ ತಿರುಗಿತ್ತು. ಹಿಂದಿನಿಂದ ಯಾರೋ ನಕ್ಕರು, ಪಕ್ಕದವರು ಸುಮ್ಮನಿರಿಸಿದರು.

“ಕಡೀತು ಅಂತ...” ಎಂದ ಮಾರಿಯಪ್ಪ.

“ಗೊತ್ತಪ್ಪಾ.”

ಅವಳ ದನಿ ಸಪಾಟಾಗಿತ್ತು. ಮುರುಗೇಶ್ ಇಯರ್‌ಫೋನಿನ ಡಬ್ಬ ತಂದು ಕೊಟ್ಟ. ಅದನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟು, ಕಲೈವಾಣಿ ಆಗ ಮೊದಲ ಸಲ ಕಪಾಟಿನ ಕಡೆ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಕೈಯ ಬೆವರನ್ನು ದಾವಣಿಗೆ ಒರೆಸಿದಳು. ಮಾರಿಯಪ್ಪ ಚಪ್ಪಲಿಗಾಗಿ ನೆಲ ತಡಕುತ್ತಿದ್ದ, ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ.

ಮುರುಗೇಶ್ ಹೋಗಲಿಲ್ಲ. ನಿಮ್ಮ ಕಾರ್ಡಿನಲ್ಲಿ ಇನ್ನೊಂದು ಹಾಡಿನ ಆಟ ಉಳಿದಿದೆ, ಚಾಲೆಂಜ್ ಅಲ್ಲ, ಸುಮ್ಮನೆ ಆಡುವುದು, ಪಟ್ಟಿಯೂ ಇರುವುದಿಲ್ಲ ಬಹುಮಾನವೂ ಇರುವುದಿಲ್ಲ ಎಂದು ತಮಿಳಿನಲ್ಲಿ ಹೇಳಿದ. ಬೇಡವಾದರೆ ಮುಂದಿನ ಜೋಡಿಯನ್ನು ಕರೆಯುತ್ತೇನೆ ಎಂದ. ಮಾರಿಯಪ್ಪ ಏಳಲು ಹೊರಟ.

“ಕೂತ್ಕೊಪ್ಪಾ,” ಎಂದಳು ಕಲೈವಾಣಿ. “ಅನ್ನೆರಡ್ನೇದು ಎಂಗೈತೆ ಅಂತ ನೋಡಣ.”

ಹನ್ನೆರಡನೆಯ ಹಾಡು ಅವರು ಎಣಿಸಿದ್ದಕ್ಕಿಂತ ನಿಧಾನವಾಗಿತ್ತು. ನಾದಸ್ವರದಂಥದೊಂದು ದನಿ, ಕೆಳಗೆ ತವಿಲ್ ಡೋಲಿನ ಹಾಗೆ ಒಂದು ಪೆಟ್ಟು. ಗೆರೆಗಳು ಉದ್ದುದ್ದ ಇಳಿದು ಬಂದವು. ಕಾಲು ಹಾಕಿದ, ಕೈ ಹಾಕಿದಳು, ಎರಡೂ ಕೂಡಿಕೊಂಡವು. ಹಾಡಿನ ನಡುವೆ ಒಂದು ಗೆರೆ ಮತ್ತೆ ಕಡಿಯಿತು. ಅವನ ಕಾಲು ನಿಂತಿತು. ನಿಂತ ಕಾಲನ್ನು ಬಲವಂತದಿಂದ ತಳ್ಳಬೇಕೆಂದು ಅವನು ಹಲ್ಲು ಕಚ್ಚಿ ಪಕ್ಕಕ್ಕೆ ನೋಡಿದ.

ಮಗಳು ಪರದೆಯನ್ನು ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಅವನ ಪಾದಗಳನ್ನು ನೋಡುತ್ತಿದ್ದಳು. ಎದುರಿಗೆ ಬಾಣಗಳು ಒಂದರ ಮೇಲೊಂದು ಬಿದ್ದು ಹೋಗುತ್ತಿದ್ದವು, ಮೂಗಿನ ಹೆಂಗಸು ಒಂದೊಂದಕ್ಕೂ ಮರುಗುತ್ತಿದ್ದಳು. ಮಗಳ ಬೆರಳುಗಳು ಗುಂಡಿಗಳಿಂದ ಒಂದಂಗುಲ ಮೇಲೆ, ಅವನ ಎಡಗಾಲು ಇಳಿಯುವವರೆಗೆ, ಕಾಯುತ್ತ ಹಾಗೇ ನಿಂತಿದ್ದವು.