ಮೆಷಿನ್ನಿನ ಆಯಿಲ್

ಅಕ್ಕೂರಿನ ಬೋರೆಯ ಮೇಲೆ ಬೈಕ್ ರೇಸಿಗೆ ಇನ್ನು ಅರ್ಧ ಗಂಟೆ ಇತ್ತು. ತಣ್ಣಗೆ ನಿಂತ ಬೈಕನ್ನು ಸೀಟಿ ಊದಿದಾಗ ಸ್ಟಾರ್ಟ್ ಮಾಡಬೇಕು. ಬಾವುಟ ಬೀಳುವ ಮೊದಲೇ ಚಕ್ರ ನೆಲಕ್ಕೆ ಹಾಸಿದ ಗೆರೆಯ ಹಗ್ಗ ದಾಟಿದರೆ ಆಟದಿಂದ ಹೊರಗೆ. ನಿಯಾಜ್ ಕ್ಲಚ್ ಪೂರ್ತಿ ಹಿಡಿದು ಗೇರ್ ಹಾಕಿದರೂ ಬೈಕು ಮುಂದಕ್ಕೆ ನೆಗೆಯುತ್ತಿತ್ತು.

"ಕೇಬಲ್ ಸರಿಯಾಗೈತೆ ಕಣ್ಲಾ. ಒಳಗಿನ ಕ್ಲಚ್ ಪ್ಲೇಟು ಬಿಸಿಯಾದ್ರೆ ಬುಡ್ತದೆ, ತಣ್ಣಗಿದ್ರೆ ಹಿಡ್ಕತದೆ. ನಿನ್ನಂಗೇ ಬೆಳಗಿನ ಸೋಮಾರಿ," ಎಂದರು ಮೆಕ್ಯಾನಿಕ್ ಚೆಲುವಯ್ಯ.

ಆ ಮಾತು ಕೇಳಿ ನಿಯಾಜನ ಅಕ್ಕ ಇಸ್ಮತ್ ಬೈಕಿನತ್ತ ತಿರುಗಿದಳು. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಮೆಷಿನ್ನೂ ಹೀಗೆಯೇ. ಗೂಡು ಬೇಯಿಸುವ ನೀರಿನ ಕಾವು ತಾಗುವವರೆಗೆ ಅದರ ಗಟ್ಟಿ ಆಯಿಲ್ ಗೇರುಗಳನ್ನು ಬಿಡುತ್ತಿರಲಿಲ್ಲ. ಬೈಕಿಗೆ ಆಯಿಲ್ ಕಡಿಮೆಯಾಗಿದೆಯೆಂದು ನಿನ್ನೆ ಅವಳು ಸುರಿದದ್ದು ಆ ಮೆಷಿನ್ನಿನ ಆಯಿಲ್ ಡಬ್ಬದಿಂದಲೇ. ಇಷ್ಟು ಜನರೆದುರು ಹೇಗೆ ಹೇಳುವುದು? ಹೇಳದಿದ್ದರೆ ತಮ್ಮನ ರೇಸು ಹಗ್ಗದ ಬಳಿಯೇ ಮುಗಿಯುತ್ತದೆ.

"ನಿಯಾಜ್, ಅದಕ್ಕೆ ಮೆಷಿನ್ ಆಯಿಲ್ ಹಾಕಿದ್ದು ನಾನು."

"ಆಪಾ! ಇದೇನು ನೂಲು ತೆಗಿಯೋ ಮೆಷಿನ್ನಾ?"

"ಬೈಯೋದು ಆಮೇಕೆ," ಎಂದು ಚೆಲುವಯ್ಯ ಸ್ಪ್ಯಾನರ್ ಎತ್ತಿಕೊಂಡರು. "ಬಕೆಟ್ ಹಿಡಿಯವ್ವ. ನನ್ ತಾವ ಹೊಸ ಆಯಿಲ್ ಐತೆ."

ಕಪ್ಪು ಆಯಿಲ್ ಜೇನಿನಂತೆ ನಿಧಾನವಾಗಿ ಇಳಿಯಿತು. ಹೊಸದನ್ನು ತುಂಬಿ, ಗೇರಿನಲ್ಲಿಟ್ಟು ಕ್ಲಚ್ ಹಿಡಿದು, ಮೂವರೂ ಬೈಕನ್ನು ಹಿಂದೆ ಮುಂದೆ ತಳ್ಳಿದರು. ಅಂಟಿದ್ದ ಪ್ಲೇಟುಗಳು ಕೊನೆಗೂ ಬಿಟ್ಟವು.

ಸೀಟಿ ಕೇಳಿತು. ಇಂಜಿನ್ ಗುಡುಗಿತು, ಗೇರ್ ಬಿತ್ತು. ಇಸ್ಮತ್ ಮುಂದಿನ ಚಕ್ರವನ್ನೇ ನೋಡಿದಳು. ಅದು ಬೆರಳಷ್ಟೂ ಅಲುಗಲಿಲ್ಲ. ಬಾವುಟ ಬಿದ್ದ ಮೇಲೆಯೇ ನಿಯಾಜ್ ಹಗ್ಗ ದಾಟಿದ.