ಆರು ಐವತ್ತೆರಡರ ಬೆಳಕು

ಎಷ್ಟೇ ಆತುರವಿದ್ದರೂ ಇದನ್ನು ಪೂರ್ತಿ ಕೇಳಿಸಿಕೊಂಡೇ ಏಳಿ. ಅರ್ಧ ಕೇಳಿ ಎದ್ದುಹೋದವರಿಂದಲೇ ಪಾಪ, ಚುಕ್ಕಿಗೆ ಈ ಗತಿ ಬಂದದ್ದು.

ಚುಕ್ಕಿ ಅಂದರೆ ಅಡ್ಡಹೆಸರು. ಚಿಕ್ಕಪ್ಪನ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತ ಸದಾ ಆಕಾಶದ ಮಾತೇ ಆಡುತ್ತಿದ್ದುದಕ್ಕೆ ಮನೆಯವರು ಇಟ್ಟದ್ದು. ತಾರಾಲಯದಲ್ಲಿ ಜನರಿಗೆ ಆಕಾಶ ತೋರಿಸಿ ವಿವರಿಸುವ ಕೆಲಸಕ್ಕೆ ಆರು ತಿಂಗಳ ತರಬೇತಿ ಶುರುವಾಗುವುದಿತ್ತು. ತರಗತಿ ಪ್ರತಿ ಶನಿವಾರ. ಅರ್ಜಿಗೆ ಕೆಲಸ ಕೊಟ್ಟವರ ಸಹಿ ಬೇಕು, ನಾಳೆಯೇ ಕೊನೆಯ ದಿನ. ಶನಿವಾರವೋ, ಲಾಂಡ್ರಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ದಿನ!

"ಆಕಾಶ ನೋಡಿದ್ರೆ ಹೊಟ್ಟೆ ತುಂಬುತ್ತಾ?" ಎಂದು ವಾರವಿಡೀ ಸತಾಯಿಸಿದ ಚಿಕ್ಕಪ್ಪ ಕೊನೆಗೊಂದು ಷರತ್ತು ಹಾಕಿದ. "ಜನ ವಾಸ ಮಾಡೋ ಬಾಹ್ಯಾಕಾಶ ನಿಲ್ದಾಣ ಅಂತೀಯಲ್ಲ, ಅದನ್ನ ತೋರಿಸು. ಸಹಿ ಹಾಕ್ತೀನಿ."

"ಇವತ್ತೇ ಬರುತ್ತೆ! ಆರು ಐವತ್ತೆರಡಕ್ಕೆ, ಪಶ್ಚಿಮದಿಂದ."

ಸಂಜೆ ಚಿಕ್ಕಪ್ಪ, ಚಿಕ್ಕಮ್ಮ, ಬಟ್ಟೆ ತಲುಪಿಸುವ ವ್ಯಾನಿನ ಡ್ರೈವರ್, ಮೂವರನ್ನೂ ಚುಕ್ಕಿ ತಾರಸಿಗೆ ಹತ್ತಿಸಿದಳು.

"ಅದು ಬೀಳಲ್ವೇನೇ?" ಎಂದಳು ಚಿಕ್ಕಮ್ಮ.

"ಬೀಳ್ತಾನೇ ಇರುತ್ತೆ ಚಿಕ್ಕಮ್ಮ!"

"ಅಯ್ಯೋ, ಬಿಡ್ತು ಅನ್ನು!"

"ಕೇಳು. ಕಾಲುಚೀಲ ಉಂಡೆ ಮಾಡಿ ಎಸೆದ್ರೆ ಒಂದಿಷ್ಟು ದೂರ ಹೋಗಿ ಬೀಳುತ್ತೆ. ಜೋರಾಗಿ ಎಸೆದ್ರೆ ಇನ್ನೂ ದೂರ. ಅದು ಗಂಟೆಗೆ ಇಪ್ಪತ್ತೆಂಟು ಸಾವಿರ ಕಿಲೋಮೀಟರ್ ಅಡ್ಡಕ್ಕೆ ಓಡ್ತಿದೆ. ಅದು ಎಷ್ಟು ಬೀಳುತ್ತೋ ಭೂಮಿನೂ ಅಷ್ಟೇ ಬಾಗಿರುತ್ತೆ. ನೆಲ ಸಿಗೋದೇ ಇಲ್ಲ."

"ನಮ್ಮ ವ್ಯಾನೂ ಹಂಗೇ, ಬ್ರೇಕ್ ಸಿಗೋದೇ ಇಲ್ಲ" ಎಂದ ಡ್ರೈವರ್.

"ಪೆಟ್ರೋಲ್ ಎಷ್ಟು ಕುಡಿಯುತ್ತಪ್ಪಾ!" ಎಂದ ಚಿಕ್ಕಪ್ಪ.

"ಓಡೋಕೆ ಬೇಡ ಚಿಕ್ಕಪ್ಪ. ಅಲ್ಲಿ ಗಾಳಿ ಇಲ್ಲ ಅನ್ನೋಷ್ಟು ಕಮ್ಮಿ. ಆಗಾಗ ಒಂಚೂರು ಮೇಲಕ್ಕೆ ತಳ್ಳಿದ್ರೆ ಸಾಕು. ಸದ್ದೂ ಕೇಳಲ್ಲ, ಮಿಣುಕೋದೂ ಇಲ್ಲ. ನೆನಪಿಟ್ಕೊಳ್ಳಿ, ಮಿಣುಕಲ್ಲ!"

"ದೀಪ ಇಲ್ದೆ ಕಾಣೋದು ಹೆಂಗೆ?" ಎಂದ ಡ್ರೈವರ್.

ಚುಕ್ಕಿ ಹಲ್ಲು ಕಚ್ಚಿಕೊಂಡಳು. "ಕೆಳಗೆ ಗಲ್ಲಿ ಕತ್ತಲಾದ್ರೂ ಇಲ್ಲಿ ತಂತಿ ಮೇಲಿನ ಬಟ್ಟೆ ಬಿಸಿಲಿಗೆ ಹೊಳೀತಿರುತ್ತಲ್ಲ? ಹಾಗೇ. ನಮಗೆ ಸೂರ್ಯ ಮುಳುಗಿದ್ರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು."

"ಹೂಂ" ಎಂದ ಚಿಕ್ಕಪ್ಪ. ಕಣ್ಣು ಮಾತ್ರ ಮೆಟ್ಟಿಲ ಕಡೆಗೇ ಇತ್ತು.

ಆರು ನಲವತ್ತೆಂಟು. ಪಶ್ಚಿಮಕ್ಕೆ ಒದ್ದೆ ಬೆಡ್‌ಶೀಟುಗಳು ಗೋಡೆಯಂತೆ ಅಡ್ಡ ನಿಂತಿದ್ದವು. ಚುಕ್ಕಿ ಓಡಿಹೋಗಿ ಒಂದೊಂದಾಗಿ ಸರಿಸುವಾಗ ಒಂದು ಅವಳ ತಲೆಯ ಮೇಲೇ ಕವುಚಿಕೊಂಡಿತು. ಅಷ್ಟರಲ್ಲೇ ಡ್ರೈವರ್ ಕಿರುಚಿದ. "ಬಂತು, ಬಂತು!"

ಬೆಡ್‌ಶೀಟು ಕಿತ್ತೆಸೆದು ನೋಡಿದರೆ ವಿಮಾನ! ಕೆಂಪು ದೀಪ ಮಿಣುಕಿಸುತ್ತ, ಗುರ್ರೆನ್ನುತ್ತ ಹೋಗುತ್ತಿತ್ತು. ಚಿಕ್ಕಮ್ಮ ಅದಕ್ಕೆ ಕೈ ಬೀಸುತ್ತಿದ್ದಳು.

"ಚಿಕ್ಕಪ್ಪಾ, ಅದು..."

"ಸಾಕಮ್ಮಾ ತಾಯಿ, ಸೋತೆ! ಅರ್ಜಿ ತಗೊಂಡು ಬಾ." ಅವನು ಎರಡೆರಡು ಮೆಟ್ಟಿಲು ದಾಟುತ್ತ ಇಳಿದೇಬಿಟ್ಟ. ಉಳಿದಿಬ್ಬರೂ ಅವನ ಹಿಂದೆಯೇ.

ಚುಕ್ಕಿಗೆ ತಲೆ ಚಚ್ಚಿಕೊಳ್ಳೋಣ ಎನಿಸಿತು. ಅಷ್ಟೆಲ್ಲ ಗಂಟಲು ಹರಿದುಕೊಂಡದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ!

ಐವತ್ತೆರಡಕ್ಕೆ ನಿಜವಾದದ್ದು ಬಂತು. ಸದ್ದಿಲ್ಲ, ಮಿಣುಕಿಲ್ಲ, ಬೆಳ್ಳಗೆ, ಹದವಾಗಿ ಕಾದ ಇಸ್ತ್ರಿಪೆಟ್ಟಿಗೆ ಜಾರಿದಷ್ಟು ನುಣ್ಣಗೆ. "ಬನ್ನಿ! ಇದು ಕಣ್ರೀ, ಇದು!" ಎಂದು ಅವಳು ಮೆಟ್ಟಿಲ ಬಾಯಲ್ಲಿ ಕೂಗಿಯೇ ಕೂಗಿದಳು. ಕೆಳಗೆ ವಾಷಿಂಗ್ ಮೆಷಿನ್‌ಗಳ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಬೆಳಕು ನೆತ್ತಿ ದಾಟಿ, ಭೂಮಿಯ ನೆರಳು ಹೊಕ್ಕು ಆರಿಹೋಯಿತು.

ಅವಳು ಇಳಿದು ಬಂದಾಗ ಚಿಕ್ಕಪ್ಪ ಗಿರಾಕಿಯೊಬ್ಬರಿಗೆ ವರ್ಣಿಸುತ್ತಿದ್ದ. "ಏನು ಸದ್ದು ಅಂತೀರಿ! ಕೆಂಪು ದೀಪ ಬೇರೆ! ನಾಲ್ಕು ನಿಮಿಷ ಮೊದಲೇ ಬಂತು. ನಮ್ಮ ವ್ಯಾನು ಯಾವತ್ತಾದ್ರೂ ಮೊದಲೇ ಬಂದಿದ್ಯಾ?"

ಆಮೇಲೆ ಅರ್ಜಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ. "ಎಲ್ಲಿ ಹಾಕ್ಲಿ, ಹೇಳು."

ಮತ್ತೆ ಆ ಬೆಳಕು ಕಾಣುವುದು ಒಂಬತ್ತು ದಿನದ ಮೇಲೆ. ಬಾಯಿ ಬಿಟ್ಟರೆ ತರಬೇತಿ ಕೈತಪ್ಪಿದಂತೆಯೇ. ಬಿಡದಿದ್ದರೆ, ಜನರಿಗೆ ಸರಿಯಾದ ಆಕಾಶ ತೋರಿಸುವ ಕೆಲಸಕ್ಕೆ ವಿಮಾನ ತೋರಿಸಿ ಗಿಟ್ಟಿಸಿದ ಸಹಿ! ಜಾಗ ತೋರಿಸಲು ಎತ್ತಿದ ಬೆರಳು ಗಾಳಿಯಲ್ಲೇ ನಿಂತಿತು.

ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?