ತಾಕ್ ಅವರ ಕಾರಿಗೆ ಹತ್ತಿದ ಅಂಟು

ಕೊರಿಯಾದ ಸುಗ್ಗಿಹಬ್ಬ ಚುಸೊಕ್‌ಗೆ ಅಪಾರ್ಟ್‌ಮೆಂಟಿನವರು ಮುಕ್ಕಾಲುಪಾಲು ಊರಿಗೆ ಹೋಗಿದ್ದರು. ಕಾವಲುಗಾರ ಗಿಲ್ಸುವಿಗೆ ಹಬ್ಬವೂ ಇಲ್ಲ, ಊರೂ ಇಲ್ಲ. ಅರವತ್ತು ದಾಟಿ ಎಷ್ಟೋ ವರ್ಷವಾದ ಮನುಷ್ಯ. ಮೂರು ತಿಂಗಳಿಗೊಮ್ಮೆ ಅವನ ಕೆಲಸದ ಕರಾರು ಹೊಸದಾಗಬೇಕು. ಇವನಿರಲಿ ಅಥವಾ ಹೋಗಲಿ ಎಂದು ಹೇಳುವವರು ನಿವಾಸಿಗಳ ಮುಖಂಡರಾದ ತಾಕ್. ಈ ತಿಂಗಳ ಕೊನೆಗೆ ಮತ್ತೆ ಆ ಗಂಡಾಂತರ ಕಾದಿತ್ತು. ಹೋಗಿ ಹೋಗಿ ಅವರ ಕಪ್ಪು ಕಾರಿನ ಮೇಲೇ ಮರದ ಅಂಟು ಸುರಿಯಬೇಕೆ?

ಕಾರನ್ನು ಮರದ ಕೆಳಗೆ ನಿಲ್ಲಿಸಿದವನೂ ಗಿಲ್ಸುವೇ. ಬೇರೆಯವರಿಗೆ ಅಡ್ಡವಾದರೆ ಸರಿಸಿ ಎಂದು ತಾಕ್ ಬೀಗದಕೈ ಕೊಟ್ಟು ರೈಲು ಹತ್ತಿದ್ದರು. ಕಾರು ಸರಿಸುವುದು ಕಾವಲುಗಾರರ ಕೆಲಸವಲ್ಲ ಎಂದು ಕಾನೂನೇ ಇದೆ. ಅದನ್ನು ತಾಕ್ ಅವರಿಗೆ ನೆನಪಿಸುವ ಗಂಡೆದೆ ಯಾರಿಗಿದೆ? ಅಡ್ಡವಾಯಿತು, ಸರಿಸಿದ. ಖಾಲಿಯಿದ್ದದ್ದು ಪೈನ್ ಮರದ ಕೆಳಗಿನ ಜಾಗ ಒಂದೇ. ಅದರ ಕೊಂಬೆಯನ್ನು ಹಿಂದಿನ ವಾರವಷ್ಟೇ ಕಡಿದಿದ್ದರು, ಕಡಿದ ಕಡೆಯಿಂದ ಅಂಟು ಸೋರುತ್ತದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ತಾಕ್ ಮರಳುವ ದಿನ ಗಿಲ್ಸು ನೋಡುತ್ತಾನೆ, ಬಾನೆಟ್ಟಿನ ಮೇಲೆ ಅಂಗೈಯಗಲ ಅಂಟು ಗಟ್ಟಿಯಾಗಿ ಕೂತಿದೆ. ಅವನ ಜೀವ ಬಾಯಿಗೆ ಬಂತು. ಉಗುರು ಹಾಕಿ ಕೆರೆಯಲು ಹೊರಟಿದ್ದ, ಅಷ್ಟರಲ್ಲಿ ಹೆಂಡತಿ ಮಾಲ್ಜಾ ಊಟದ ಡಬ್ಬಿ ಹಿಡಿದು ಬಂದಳು.

"ಉಗುರು ಹಾಕ್ಬೇಡ್ರೀ. ಬಣ್ಣ ಕಿತ್ಕೊಂಡ್ ಬಂದ್ರೆ ಆಮೇಲೆ ಅದಕ್ಕೂ ಅಳ್ಬೇಕಾಗತ್ತೆ."

"ಇನ್ನೇನ್ ಮಾಡ್ಲಿ? ನನ್ ಕೆಲ್ಸ ಹೋಯ್ತು ಅಂತ್ಲೇ ತಿಳ್ಕೋ."

"ನಾನ್ ಕೆಲ್ಸ ಮಾಡೋ ಅಂಗಡೀಲಿ ಹಬ್ಬದ ಕಡುಬಿನ ಕೆಳಗೆ ಹಾಸಕ್ಕೆ ಪೈನ್ ಎಲೆ ಬಿಡಿಸಿ ಬಿಡಿಸಿ ನನ್ ಕೈಗೆಲ್ಲ ಹೆಂಗ್ ಅಂಟು ಹತ್ತಿತ್ತು, ನೋಡಿದ್ರಲ್ಲ? ಅಡುಗೆ ಎಣ್ಣೆ ಹಚ್ಚಿದ್ಮೇಲೇ ಬಿಟ್ಟಿದ್ದು. ಯಾರೋ ಹಬ್ಬಕ್ಕೆ ಎಣ್ಣೆ ಬಾಟ್ಲಿ ಕೊಟ್ಟಿದ್ದಾರೆ ಅಂದ್ರಲ್ಲ, ತನ್ನಿ."

ಉಡುಗೊರೆಯಾಗಿ ಬಂದ ಎಣ್ಣೆಯನ್ನು ಕಾರಿಗೆ ಸುರಿಯುವ ಯೋಗ. ಧೂಳಿದ್ದರೆ ಗೀರು ಬೀಳುತ್ತದೆಂದು ಮಾಲ್ಜಾ ಮೊದಲು ಆ ಜಾಗಕ್ಕೆ ನೀರು ಹಾಕಿಸಿದಳು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹೊದಿಸಿದಳು. ಅಂಟು ಮೆತ್ತಗಾದ ಮೇಲೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ಇಟ್ಟು, ಕಾದು, ಮೆಲ್ಲಗೆ ಒರೆಸಿದಳು. ಸ್ವಲ್ಪ ಬಿಟ್ಟಿತು. ಮತ್ತೆ ಬಿಸಿ ಬಟ್ಟೆ, ಮತ್ತೆ ಎಣ್ಣೆ. ಬಗ್ಗಿ ಬಗ್ಗಿ ಗಿಲ್ಸುವಿನ ಸೊಂಟ ಬಿದ್ದುಹೋಯಿತು. ಕೊನೆಗೆ ಸೋಪಿನ ನೀರಿನಿಂದ ಜಿಡ್ಡು ತೆಗೆದರು. ಬಣ್ಣಕ್ಕೆ ಒಂದು ಗೀರೂ ಆಗಿರಲಿಲ್ಲ.

ಗೆದ್ದೆವೆಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ಧೂಳು ಹಿಡಿದ ಕಾರಿನಲ್ಲಿ ಅದೊಂದು ಜಾಗ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇದಕ್ಕಿಂತ ಅಂಟೇ ವಾಸಿ ಇತ್ತು," ಎಂದಳು ಮಾಲ್ಜಾ. "ಏನೋ ಆಗಿದೆ ಅಂತ ಕುರುಡನಿಗೂ ಗೊತ್ತಾಗತ್ತೆ."

ಗಿಲ್ಸು ಬಕೆಟ್ ಎತ್ತಿಕೊಂಡ. ಇಬ್ಬರೂ ಸೇರಿ ಇಡೀ ಕಾರು ತೊಳೆದರು. ಊಟ ಡಬ್ಬಿಯಲ್ಲೇ ತಣ್ಣಗಾಯಿತು.

ಸಂಜೆ ತಾಕ್ ಬಂದು ಕಾರಿಗೆ ಒಂದು ಸುತ್ತು ಹಾಕಿದರು. ಗಿಲ್ಸು ಬೀಗದಕೈ ಮುಂದೆ ಹಿಡಿದ.

"ನೀವೇ ತೊಳೆದ್ರಾ?"

"ಹೂಂ ಸಾರ್. ಧೂಳಾಗಿತ್ತು... ಸುಮ್ನೆ ಕೂತಿದ್ನಲ್ಲ ಅಂತ."

"ಹಿಂದೆ ಇದ್ದವನಿಗೆ ಇಷ್ಟು ಮುತುವರ್ಜಿ ಇರ್ಲಿಲ್ಲ ಬಿಡಿ. ನಿಮ್ ಕರಾರಿನ ಚಿಂತೆ ಬೇಡ, ನಾನ್ ಹೇಳ್ತೀನಿ."

ಗಿಲ್ಸುವಿಗೆ ಹೋದ ಉಸಿರು ಬಂದಂತಾಯಿತು. ಅವರ ಕಾಲಿಗೆ ಬೀಳುವುದೊಂದು ಬಾಕಿ. ತಾಕ್ ಲಿಫ್ಟಿನ ತನಕ ಹೋದವರು ತಿರುಗಿ ನಿಂತರು.

"ಹಾಂ, ದಿನಾ ಏನೂ ಬೇಡ. ಭಾನುವಾರಕ್ಕೊಂದ್ಸಲ ತೊಳೆದ್ರೆ ಸಾಕು. ನಮ್ಮನೆಯವಳ ಬಿಳಿ ಕಾರು ನೋಡಕ್ಕಾಗಲ್ಲ, ಅದರಿಂದ್ಲೇ ಶುರು ಮಾಡಿ. ಕೀ ಕಳಿಸ್ತೀನಿ."

"ಆಗ್ಲಿ ಸಾರ್," ಎಂದು ಗಿಲ್ಸು ಸೊಂಟ ಬಗ್ಗಿಸಿದ. ನೆಟ್ಟಗಾಗುವುದಕ್ಕೆ ಕಾವಲು ಕೋಣೆಯ ಬಾಗಿಲು ಹಿಡಿಯಬೇಕಾಯಿತು. ಒಳಗೆ ಮಾಲ್ಜಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಕೆಲ್ಸ ಉಳೀತಲ್ಲ," ಎಂದ ಅವನು, ಅವಳ ಮುಖ ನೋಡದೆ.

ಅವಳು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಸರಿಸಿದಳು.

"ಬೇಗ ಉಂಡು ಮಲಗಿ. ಇವತ್ತು ಶನಿವಾರ."